ಜಪಾನಿ, ಜರ್ಮನ್, ಅಮೆರಿಕನ್ ಮ್ಯಾನೇಜರ್ ಕೈಕೆಳಗೆ ಕೆಲಸಕ್ಕೆ ಸೇರ್ತಿದ್ದೀರಾ? ಇಷ್ಟು ನೋಡ್ಕೊಂಡು ಹೋಗಿ

ಬಿಡದಿ, ನರಸಾಪುರ, ತುಮಕೂರಿನ ವಸಂತನರಸಾಪುರ ಕಡೆ ಜಪಾನಿ ಕಂಪನಿಗಳು, ಆಡುಗೋಡಿ ಕೋರಮಂಗಲದ ಕಡೆ ಬಾಷ್, ವೈಟ್‌ಫೀಲ್ಡಲ್ಲಿ ಎಸ್‌ಎಪಿ, ಹೊಸಕೋಟೆಲಿ ವೋಲ್ವೋ, ಇನ್ನು ಅಮೆರಿಕದವರದ್ದಂತೂ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿಂದ ಲೆಕ್ಕಾನೇ ಇಲ್ಲ. ಇಂಥ ಕಡೆ ಸೇರಿದ ಹುಡುಗರಿಗೆ ಇಂಡಕ್ಷನ್ನಲ್ಲಿ ಏನ್ ಹೇಳ್ಕೊಡ್ತಾರೆ? ಜಪಾನಿಗಳಿಗೆ ಹೀಗೆ ಬಗ್ಗಿ ನಮಸ್ಕಾರ ಮಾಡಿ, ವಿಸಿಟಿಂಗ್ ಕಾರ್ಡ್ ಎರಡೂ ಕೈಲಿ ಕೊಡಿ, ಜರ್ಮನ್ನರ ಹತ್ರ ಲೇಟ್ ಮಾಡ್ಬೇಡಿ, ಅಮೆರಿಕನ್ನರನ್ನ ಹೆಸರು ಹಿಡಿದು ಕರೀರಿ. ಇದೆಲ್ಲ ತಪ್ಪಲ್ಲ, ಆದ್ರೆ ಒಂದೇ ಕೈಲಿ ಕಾರ್ಡ್ ಕೊಟ್ಟ ಅಂತ ಯಾರ ಅಪ್ರೈಸಲ್ಲೂ ಹಾಳಾಗಿಲ್ಲ. ಹಾಳಾಗೋದು ಬೇರೆ ಕಡೆ. ನಿರ್ಧಾರ ಎಲ್ಲಿ ಆಗುತ್ತೆ, "ಬೇಡ" ಅನ್ನೋದನ್ನ ಹೆಂಗೆ ಹೇಳ್ತಾರೆ, ಕೆಟ್ಟ ಸುದ್ದಿ ಯಾರಿಗೆ ಯಾವಾಗ ಮುಟ್ಟಿಸ್ಬೇಕು, ಈ ಮೂರು ಗೊತ್ತಿಲ್ಲದೇ ಒಳ್ಳೊಳ್ಳೆ ಕೆಲಸಗಾರರು ವರ್ಷಗಟ್ಟಲೆ ಒದ್ದಾಡ್ತಾರೆ. ಅದನ್ನೇ ಒಂದೊಂದಾಗಿ ಬರೀತೀನಿ. ಜಪಾನ್ ಬಗ್ಗೆ ಜಾಸ್ತಿ ಇರುತ್ತೆ, ಯಾಕಂದ್ರೆ ನಮ್ಮವರು ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಅಲ್ಲೇ.

ಶುರು ಮಾಡೋಕೆ ಮುಂಚೆ: ದೇಶ ದೇಶಕ್ಕೂ ಹಾಕಿರೋ ನಂಬರುಗಳನ್ನ ಹೆಂಗೆ ಓದ್ಬೇಕು

ಎಂಬಿಎ ಓದಿದವರು ಯಾರಾದ್ರೂ ನಿಮಗೆ ಹಾಫ್‌ಸ್ಟೆಡ್ ಅಂತ ಹೇಳೇ ಹೇಳ್ತಾರೆ. ಗೀರ್ಟ್ ಹಾಫ್‌ಸ್ಟೆಡ್ ಅಂತ ಡಚ್ಚಿನವನು, 1967ರಿಂದ 1973ರ ಮಧ್ಯೆ ಬೇರೆ ಬೇರೆ ದೇಶದ ಐಬಿಎಂ ನೌಕರರಿಗೆ ಕೊಟ್ಟ ಪ್ರಶ್ನೆಪತ್ರಿಕೆಗಳನ್ನ ಇಟ್ಕೊಂಡು ದೇಶ ದೇಶಕ್ಕೂ ಅಂಕ ಹಾಕ್ದ. ಮೇಲಿನವರು ಕೆಳಗಿನವರ ಮಧ್ಯೆ ಅಂತರ ಎಷ್ಟು ಸಹಜ ಅನ್ಸುತ್ತೆ ಅನ್ನೋದಕ್ಕೆ ಭಾರತಕ್ಕೆ 77, ಜಪಾನಿಗೆ 54, ಅಮೆರಿಕಕ್ಕೆ 40, ಜರ್ಮನಿಗೆ 35. ಮುಂದೇನಾಗುತ್ತೋ ಗೊತ್ತಿಲ್ಲ ಅನ್ನೋ ಸ್ಥಿತಿ ಎಷ್ಟು ಕಿರಿಕಿರಿ ಕೊಡುತ್ತೆ ಅನ್ನೋದಕ್ಕೆ ಜಪಾನಿಗೆ 92, ಜರ್ಮನಿಗೆ 65, ಅಮೆರಿಕಕ್ಕೆ 46, ನಮಗೆ ಬರೀ 40. ಆ 92ಕ್ಕೂ 40ಕ್ಕೂ ಇರೋ ವ್ಯತ್ಯಾಸ ನೋಡಿ, ನೀವು "ನೋಡ್ಕೊಳ್ಳೋಣ ಬಿಡಿ ಸಾರ್" ಅಂದಾಗ ಎದುರಿಗಿರೋ ಜಪಾನಿ ಅಡ್ವೈಸರ್ ಮುಖ ಯಾಕೆ ಬಿಳಿಚ್ಕೊಳ್ಳುತ್ತೆ ಅಂತ ಅರ್ಧ ಅಲ್ಲೇ ಗೊತ್ತಾಗುತ್ತೆ.

ಆದ್ರೆ ಇದು ಒಂದೇ ಕಂಪನಿಯ ನೌಕರರ ಉತ್ತರ, ಅದೂ ಐವತ್ತು ವರ್ಷಕ್ಕಿಂತ ಹಳೇದು. ಇಡೀ ಭಾರತಕ್ಕೆ ಒಂದೇ ನಂಬರಂತೆ, ಮಂಗಳೂರಿನವರೂ ಲೂಧಿಯಾನದವರೂ ಒಂದೇ ಬುಟ್ಟಿಗೆ! ಹಂಗಾಗಿ ಎರಡು ದೇಶದ ಮಧ್ಯೆ ಎಲ್ಲಿ ಘರ್ಷಣೆ ಬರಬಹುದು ಅಂತ ಊಹಿಸೋಕೆ ಮಾತ್ರ ಇದನ್ನ ಬಳಸ್ಕೊಳ್ಳಿ. ನಿಮ್ಮ ಮ್ಯಾನೇಜರ್ ಎಂಥವನು ಅಂತ ಇದ್ರಿಂದ ಗೊತ್ತಾಗಲ್ಲ.

ಮೊದಲನೇ ಕೆಲಸ: ನಿರ್ಧಾರ ಎಲ್ಲಿ ಆಗುತ್ತೆ ಅಂತ ಹುಡುಕಿ

ನಮ್ಮ ಕಡೆ ಇದು ಸುಲಭ, ದೊಡ್ಡ ಸಾಹೇಬ್ರು ಹೂಂ ಅಂದ್ರೆ ಮುಗೀತು. ಅದಕ್ಕೇ ನಮ್ಮವರಿಗೆ ಏನಾದ್ರೂ ಐಡಿಯಾ ಹೊಳೆದ್ರೆ ಮಧ್ಯದವರನ್ನ ಬಿಟ್ಟು ಸೀದಾ ಮೇಲಕ್ಕೇ ಹೋಗೋ ಆಸೆ, ಇಲ್ಲಾ ದೊಡ್ಡ ಮೀಟಿಂಗಲ್ಲಿ ಎಲ್ಲರ ಮುಂದೆ ಬಾಂಬ್ ಥರ ಹಾಕಿ ಭೇಷ್ ಅನ್ನಿಸ್ಕೊಳ್ಳೋ ಆಸೆ. ಜಪಾನಿ ಕಂಪನಿಲಿ ಈ ಎರಡೂ ಮಾಡ್ಬೇಡಿ. ಅಲ್ಲಿ ಮೀಟಿಂಗ್ ಅನ್ನೋದು ಬಹುಪಾಲು ಮುಗಿದು ಹೋದ ಕೆಲಸಕ್ಕೆ ಮುದ್ರೆ ಒತ್ತೋ ಜಾಗ. ಅಸಲಿ ಮಾತುಕತೆ ಅದಕ್ಕೆ ಮುಂಚೆ ಒಬ್ಬೊಬ್ಬರ ಟೇಬಲ್ ಹತ್ರ, ಕಾಫಿ ಮಷಿನ್ ಹತ್ರ, ಲೈನ್ ಪಕ್ಕ ನಿಂತ್ಕೊಂಡು ಆಗಿರುತ್ತೆ, ಇದಕ್ಕೆ ನೆಮವಾಶಿ ಅಂತಾರೆ, ಆಮೇಲೆ ರಿಂಗಿ ಅನ್ನೋ ಪ್ರಪೋಸಲ್ ಪೇಪರ್ ಕೆಳಗಿಂದ ಮೇಲಕ್ಕೆ ಒಂದೊಂದೇ ಮುದ್ರೆ ಹಾಕಿಸ್ಕೊಂಡು ಹೋಗುತ್ತೆ.

ಹಂಗಾದ್ರೆ ಒಂದು ಫಿಕ್ಸ್ಚರ್ (ಕೆಲಸ ಮಾಡೋವಾಗ ಪೀಸನ್ನ ಹಿಡಿದಿಡೋ ಸಾಧನ) ಬದಲಾಯಿಸ್ಬೇಕು ಅಥವಾ ಹೊಸ ಸಾಫ್ಟ್‌ವೇರ್ ತರ್ಬೇಕು ಅಂದ್ಕೊಳ್ಳಿ, ಏನ್ ಮಾಡ್ಬೇಕು? ಮೊದಲು ಒಂದು ಹಾಳೇಲಿ ಈ ಬದಲಾವಣೆಯಿಂದ ಯಾರ್ಯಾರ ಕೆಲಸಕ್ಕೆ ತಟ್ಟುತ್ತೆ ಅಂತ ಬರ್ಕೊಳ್ಳಿ, ಮೇಂಟೆನೆನ್ಸು, ಕ್ವಾಲಿಟಿ, ಸ್ಟೋರ್ಸು, ಅಕೌಂಟ್ಸು, ಸೇಫ್ಟಿ. ಅವರಲ್ಲಿ ಖಂಡಿತ ಬೇಡ ಅನ್ನೋನು ಯಾರು ಅಂತ ನಿಮಗೆ ಗೊತ್ತಿರುತ್ತಲ್ಲ, ಮೊದಲು ಅವನ ಹತ್ರಾನೇ ಹೋಗಿ. ಒಪ್ಪಿಸೋಕೆ ಹೋಗ್ಬೇಡಿ, "ಇದರಲ್ಲಿ ಏನ್ ತೊಂದ್ರೆ ಕಾಣ್ತಿದೆ ನಿಮಗೆ" ಅಂತ ಕೇಳಿ, ಹೇಳಿದ್ದನ್ನ ಪೇಪರಲ್ಲಿ ಸೇರಿಸಿ. ಪೇಪರ್ ಅಂದ್ರೆ ಇಪ್ಪತ್ತು ಸ್ಲೈಡ್ ಅಲ್ಲ, ಒಂದೇ ಎ-ತ್ರೀ ಶೀಟು: ಈಗಿನ ಪರಿಸ್ಥಿತಿ, ಕಾರಣ, ಏನ್ ಮಾಡ್ತೀವಿ, ಯಾರು ಯಾವಾಗ ಮಾಡ್ತಾರೆ, ಆಮೇಲೆ ಹೆಂಗೆ ಚೆಕ್ ಮಾಡ್ತೀವಿ. ಟೊಯೋಟಾ ಥರದ ಕಡೆ ಇದು ದಿನನಿತ್ಯದ ಭಾಷೆ. ಒಂದು ಸುತ್ತು ಮುಗಿದ ಮೇಲೆ ತಿದ್ದಿ ಇನ್ನೊಂದು ಸುತ್ತು. ಹೌದು, ಬೇಜಾರಾಗುತ್ತೆ, ಇಷ್ಟೊತ್ತಿಗೆ ಮಾಡೇ ಮುಗಿಸ್ಬಹುದಿತ್ತು ಅನ್ಸುತ್ತೆ. ಆದ್ರೆ ಒಂದ್ಸಲ ಒಪ್ಪಿಗೆ ಬಂತು ಅಂದ್ರೆ ಆಮೇಲೆ ಯಾರೂ ಅಡ್ಡಗಾಲು ಹಾಕಲ್ಲ, ನಮ್ಮಲ್ಲಿ ಬೆಳಿಗ್ಗೆ ಒಪ್ಪಿ ಸಂಜೆ ಹಿಂದೆ ತಗೊಳ್ಳೋ ನಾಟಕ ಇರಲ್ಲ, ಕೆಲಸ ಸರಸರ ಸಾಗುತ್ತೆ.

ಜರ್ಮನ್ ಕಂಪನಿಲಿ ಇದು ತಿರುಗಾಮುರುಗಾ. ಅಲ್ಲಿ ಮೀಟಿಂಗಲ್ಲೇ ಜಗಳ, ಅದೂ ಅಂಕಿಅಂಶ ಇಟ್ಕೊಂಡು. ತಯಾರಿ ಇಲ್ಲದೇ ಹೋದ್ರೆ ಮರ್ಯಾದೆ ಉಳಿಯಲ್ಲ, ತಯಾರಿ ಮಾಡ್ಕೊಂಡು ಹೋದ್ರೆ ನೀವು ನಿನ್ನೆ ಸೇರಿದ ಹುಡುಗ ಆದ್ರೂ ಕೇಳ್ತಾರೆ. ಅಮೆರಿಕನ್ ಮ್ಯಾನೇಜರ್ ತಾನೇ ಬೇಗ ನಿರ್ಧಾರ ಮಾಡ್ತಾನೆ, ಮುಂದಿನ ವಾರ ತಾನೇ ಬದಲಾಯಿಸ್ತಾನೆ, ಅದನ್ನ ಚಂಚಲತೆ ಅಂದ್ಕೊಳ್ಬೇಡಿ, ಮಾಡಿ ನೋಡಿ ತಿದ್ದೋಣ ಅನ್ನೋ ಲೆಕ್ಕ ಅವರದ್ದು. ಸ್ವೀಡನ್ನವರ ಹತ್ರ ಕೆಲಸ ಮಾಡಿದವರು ಹೇಳೋ ದೂರು ಒಂದೇ, "ನಮ್ಮ ಬಾಸ್ ಏನೂ ಡಿಸೈಡ್ ಮಾಡಲ್ಲ, ನಮ್ಮನ್ನೇ ಕೇಳ್ತಾನೆ". ಅವನು ಕೇಳ್ತಿರೋದು ನಿಜವಾಗ್ಲೂ, ಉತ್ತರ ಹೇಳಿ.

ಜರ್ಮನಿ ಜೊತೆ ಪ್ರಾಜೆಕ್ಟ್ ಮಾಡೋ ಬೆಂಗಳೂರಿನ ಐಟಿಯವರು ಒಂದು ಗಮನಿಸ್ಬೇಕು. ಅಲ್ಲಿ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ನೌಕರರೇ ಆರಿಸಿದ ವರ್ಕ್ಸ್ ಕೌನ್ಸಿಲ್ ಇರುತ್ತೆ. ಕೆಲಸದ ಸಮಯ ಬದಲಾಯಿಸೋದು, ನೌಕರರು ಏನ್ ಮಾಡ್ತಿದ್ದಾರೆ ಅಂತ ತೋರಿಸಬಲ್ಲ ಸಾಫ್ಟ್‌ವೇರ್ ಹಾಕೋದು, ಇಂಥದ್ದಕ್ಕೆ ಕಾನೂನು ಪ್ರಕಾರ ಅವರ ಒಪ್ಪಿಗೆ ಬೇಕು. 1976ರ ಕಾನೂನಿನಂತೆ ಎರಡು ಸಾವಿರಕ್ಕಿಂತ ಜಾಸ್ತಿ ನೌಕರರಿರೋ ಕಂಪನಿಗಳ ಮೇಲ್ವಿಚಾರಣಾ ಮಂಡಳಿಲಿ ಅರ್ಧ ಸೀಟು ನೌಕರರ ಪ್ರತಿನಿಧಿಗಳದ್ದು. ಹಂಗಾಗಿ ಅಲ್ಲಿನ ಮ್ಯಾನೇಜರ್ "ಕೌನ್ಸಿಲ್ ಕೇಳ್ಬೇಕು" ಅಂದ್ರೆ ಅದು ತಪ್ಪಿಸ್ಕೊಳ್ಳೋ ನೆಪ ಅಲ್ಲ. ಲಾಗಿನ್ ಟೈಮ್, ಟಿಕೆಟ್ ಎಣಿಕೆ ತೋರ್ಸೋ ಡ್ಯಾಶ್‌ಬೋರ್ಡ್ ಮಾಡಿದ್ರೆ ಗೋ-ಲೈವ್ ಡೇಟಿಗೆ ಮುಂಚೆ ಇದಕ್ಕೆ ಅಂತಲೇ ವಾರಗಟ್ಟಲೆ ಜಾಗ ಬಿಟ್ಕೊಳ್ಳಿ.

ಎರಡನೇದು: "ಬೇಡ", "ಆಗಲ್ಲ" ಯಾವ ವೇಷದಲ್ಲಿ ಬರುತ್ತೆ

ಜಪಾನಿನವರು ಮುಖದ ಮೇಲೆ ಆಗಲ್ಲ ಅನ್ನೋದು ಅಪರೂಪ. "ಸ್ವಲ್ಪ ಕಷ್ಟ" ಅಂದ್ರೆ ಆಗಲ್ಲ. "ಒಳಗೆ ಚರ್ಚೆ ಮಾಡ್ತೀವಿ" ಅಂದು ತಾರೀಖು ಹೇಳ್ದಿದ್ರೆ ಬಹುಪಾಲು ಆಗಲ್ಲ. ಹಲ್ಲಿನ ಸಂದಿಲಿ ಉಸಿರೆಳ್ಕೊಂಡು ತಲೆ ಒಂದು ಕಡೆ ವಾಲಿಸಿ ಸುಮ್ಮನಾದ್ರೂ ಅದೇ. ನೀವು ಮಾತಾಡ್ತಿರೋವಾಗ ತಲೆ ಆಡಿಸ್ತಾ ಇರ್ತಾರೆ, ಅದು ಕೇಳಿಸ್ಕೊಳ್ತಿದ್ದೀನಿ ಅನ್ನೋದಕ್ಕೆ, ಒಪ್ಪಿಗೆ ಅಂತ ತಗೊಂಡು ಹೋಗಿ ಪರ್ಚೇಸ್ ಆರ್ಡರ್ ಹಾಕ್ಬೇಡಿ.

ಇದನ್ನ ಓದಿ ನಗೋಕೆ ಮುಂಚೆ ನಮ್ಮ ಕಡೆ ನೋಡ್ಕೊಳ್ಳಿ. "ಆಗುತ್ತೆ ಸಾರ್", "ಮಾಡೋಣ ಸಾರ್", "ಟ್ರೈ ಮಾಡ್ತೀನಿ ಸಾರ್", ಇದ್ರಲ್ಲಿ ಯಾವುದು ಹೌದು ಯಾವುದು ಅಲ್ಲ ಅಂತ ನಮಗೆ ಧ್ವನಿಲೇ ತಿಳಿಯುತ್ತೆ. ನಾಳೆ ಸಂಜೆಗೆ ಡೈ (ಅಚ್ಚು) ರೆಡಿ ಆಗುತ್ತಾ ಅಂತ ಮೇಲಿನವರು ಕೇಳಿದಾಗ ಎದುರುತ್ತರ ಕೊಡೋದು ಹೆಂಗೆ ಅಂತ ಆಗುತ್ತೆ ಅಂದಿರ್ತೀವಿ, ನಮ್ಮ ಸೂಪರ್ವೈಸರಿಗೆ ಆ "ಆಗುತ್ತೆ"ನ ತೂಕ ಗೊತ್ತು, ಆ ಕಡೆಯವರಿಗೆ ಗೊತ್ತಿಲ್ಲ, ಅವರು ನಿಮ್ಮ ಮಾತನ್ನ ಪ್ಲಾನಲ್ಲಿ ಬರ್ದು ಜಪಾನಿನ ನಗೋಯಾಕ್ಕೆ ಮೇಲ್ ಹಾಕಿ ಆಗಿರುತ್ತೆ. ಮುಖ ಮುರಿದು ಇಲ್ಲ ಅನ್ನೋಕೆ ಬರದ ಎರಡು ಜನ ಒಂದೇ ಟೇಬಲ್ಲಲ್ಲಿ ಕೂತ್ರೆ ಎಲ್ಲರೂ ಖುಷಿಯಾಗಿ ಎದ್ದು ಹೋಗ್ತಾರೆ, ಆದ್ರೆ ಶಿಪ್ಮೆಂಟ್ ಹೋಗಿರಲ್ಲ.

ಇದಕ್ಕೆ ಮದ್ದು ಇದೆ. ಆಗುತ್ತೆ, ಆಗಲ್ಲ ಅನ್ನೋ ಎರಡೂ ಉತ್ತರ ಬಿಟ್ಟು ಮೂರು ವಿಷಯ ಹೇಳೋದು ರೂಢಿ ಮಾಡ್ಕೊಳ್ಳಿ: ಇಷ್ಟು ಆಗುತ್ತೆ, ಇಷ್ಟೊತ್ತಿಗೆ ಆಗುತ್ತೆ, ಅದಕ್ಕೆ ಇಂಥದ್ದು ಬೇಕು. "ನಾಳೆ ಸಂಜೆಗೆ ರಫ್ ಮಷಿನಿಂಗ್ ಮುಗಿಯುತ್ತೆ, ಪಾಲಿಶ್ ನಾಡಿದ್ದು ಮಧ್ಯಾಹ್ನ, ಇನ್ನೊಬ್ಬ ಆಪರೇಟರ್ ಕೊಟ್ರೆ ನಾಳೆ ರಾತ್ರಿಗೇ". ಇಷ್ಟು ಹೇಳಿದ್ರೆ ಯಾವ ದೇಶದ ಮ್ಯಾನೇಜರಿಗೂ ಕೋಪ ಬರಲ್ಲ, ನಿಮಗೂ ಎದುರುತ್ತರ ಕೊಟ್ಟ ಸಂಕಟ ಇರಲ್ಲ. ನೀವು ಕೇಳೋವಾಗಲೂ ಅಷ್ಟೇ, "ಓಕೆನಾ" ಅಂತ ಕೇಳ್ಬೇಡಿ, "ಇದ್ರಲ್ಲಿ ಯಾವುದು ನಿಮಗೆ ಚಿಂತೆ" ಅಂತ ಕೇಳಿ, ಸುಮ್ಮನೆ ಕಾಯಿರಿ. ಜಪಾನಿಗಳ ಮೌನ ನಮಗೆ ಸಹಿಸೋಕೆ ಆಗಲ್ಲ, ಮಧ್ಯೆ ಬಾಯಿ ಹಾಕಿ ನಾವೇ ರೇಟ್ ಕಮ್ಮಿ ಮಾಡ್ಬಿಡ್ತೀವಿ. ಬಾಯಿ ಮುಚ್ಕೊಂಡು ಕೂರಿ.

ಜರ್ಮನ್ನರು ಎಲ್ಲರ ಮುಂದೇನೇ "ಇದು ತಪ್ಪು" ಅಂತಾರೆ, ಆಮೇಲೆ ಕ್ಯಾಂಟೀನಲ್ಲಿ ನಿಮ್ಮ ಪಕ್ಕ ಬಂದು ಕೂರ್ತಾರೆ, ಅವರ ಮಟ್ಟಿಗೆ ಅವರು ಬೈದದ್ದು ಡ್ರಾಯಿಂಗನ್ನ, ನಿಮ್ಮನ್ನಲ್ಲ. ಅಮೆರಿಕನ್ನರದ್ದು ಉಲ್ಟಾ, ಗ್ರೇಟ್ ಆಸಮ್ ಅಂತೆಲ್ಲ ಹೊಗಳಿ ಕೊನೆಗೆ "ಒಂದು ಸಣ್ಣ ವಿಷಯ" ಅಂತಾರಲ್ಲ, ಆ ಸಣ್ಣ ವಿಷಯಾನೇ ಇಡೀ ಇ-ಮೇಲಿನ ಸಾರ, ಅದನ್ನ ಮೊದಲು ಮಾಡಿ.

ಮೂರನೇದು: ಕೆಟ್ಟ ಸುದ್ದಿ

ಇಲ್ಲಿ ಸ್ವಲ್ಪ ನಿಧಾನ ಓದಿ. ನಮ್ಮಲ್ಲಿ ತಪ್ಪಾದ್ರೆ ಮೊದಲು ಮುಚ್ಚಿಡ್ತೀವಿ, ಸರಿ ಮಾಡೋಕೆ ನೋಡ್ತೀವಿ, ಸರಿ ಆಗ್ಲಿಲ್ಲ ಅಂದ್ರೆ ಆಮೇಲೆ ಹೇಳ್ತೀವಿ. ಕೆಟ್ಟತನ ಅಲ್ಲ ಇದು, ಹೇಳಿದವನಿಗೇ ಉಗಿಯೋ ಬಾಸ್‌ಗಳನ್ನ ನೋಡಿ ನೋಡಿ ಕಲಿತದ್ದು. ಟೊಯೋಟಾದ ಪದ್ಧತಿ ಹುಟ್ಟಿದ್ದೇ ಇದಕ್ಕೆ ವಿರುದ್ಧ ದಿಕ್ಕಲ್ಲಿ. ಸಾಕಿಚಿ ಟೊಯೋಡಾ ಕಾರಿನವನಲ್ಲ, ಮಗ್ಗದವನು, 1924ರಲ್ಲಿ ಬಂದ ಅವನ ಆಟೋಮ್ಯಾಟಿಕ್ ಮಗ್ಗದಲ್ಲಿ ನೂಲು ಕಿತ್ತುಹೋದ್ರೆ ಮಗ್ಗ ತಾನೇ ನಿಂತ್ಬಿಡ್ತಿತ್ತು, ಕೆಟ್ಟ ಬಟ್ಟೆ ಮುಂದಕ್ಕೆ ಹೋಗ್ತಿರ್ಲಿಲ್ಲ. ಅದೇ ಯೋಚನೆ ಆಮೇಲೆ ಕಾರ್ ಲೈನಿಗೆ ಬಂತು, ತೊಂದ್ರೆ ಕಂಡವನು ಲೈನ್ ಪಕ್ಕದ ಆಂಡಾನ್ ಅನ್ನೋ ಹಗ್ಗ ಎಳೆದ್ರೆ ಟೀಮ್ ಲೀಡರ್ ಓಡಿ ಬರ್ತಾನೆ, ಟೈಮ್ ಒಳಗೆ ಸರಿ ಆಗ್ದಿದ್ರೆ ಲೈನ್ ನಿಲ್ಲುತ್ತೆ. ಹಗ್ಗ ಎಳೆದವನಿಗೆ ಬೈಗುಳ ಇಲ್ಲ. ಎಳೀದೇ ಮುಂದಕ್ಕೆ ಕಳಿಸಿದವನಿಗೆ ಇದೆ.

ಆಫೀಸಲ್ಲೂ ಇದೇ ನಿರೀಕ್ಷೆ. ವರದಿ ಮಾಡು, ತಿಳಿಸು, ಕೇಳು ಅನ್ನೋ ಮೂರನ್ನ ಸೇರಿಸಿ ಹೊರೆನ್ಸೋ ಅಂತಾರೆ, ಜಪಾನಿ ಕಂಪನಿ ಸೇರಿದ ಮೊದಲ ವಾರದಲ್ಲೇ ಇದು ಕಿವಿಗೆ ಬೀಳುತ್ತೆ. ನಮ್ಮವರಿಗೆ ಇದು ನಂಬಿಕೆ ಇಲ್ಲದ ಹಂಗೆ ಅನ್ಸುತ್ತೆ, "ಏನು ಗಂಟೆ ಗಂಟೆಗೂ ಹೇಳ್ಬೇಕಾ" ಅಂತ. ಹೇಳಿ. ತೊಂದರೆ ಆದ ಕೂಡ್ಲೇ, ಪೂರ್ತಿ ಗೊತ್ತಾಗೋ ತನಕ ಕಾಯದೇ, ನಾಲ್ಕು ಸಾಲು ಸಾಕು: ಏನಾಯ್ತು, ಎಷ್ಟು ಪೀಸಿಗೆ ಅಥವಾ ಎಷ್ಟು ಯೂಸರಿಗೆ ತಟ್ಟಿದೆ, ಸದ್ಯಕ್ಕೆ ಏನು ನಿಲ್ಲಿಸಿದ್ದೀವಿ, ಮತ್ತೆ ಎಷ್ಟೊತ್ತಿಗೆ ಹೇಳ್ತೀವಿ. ಕೊನೇ ಸಾಲು ಮರೀಬೇಡಿ, ಆ ಹೊತ್ತಿಗೆ ಹೊಸದೇನೂ ಇಲ್ಲದಿದ್ರೂ "ಹೊಸದಿಲ್ಲ" ಅಂತ ಮೆಸೇಜ್ ಹಾಕಿ.

ಆಮೇಲೆ ಬರುತ್ತೆ ಐದು ಯಾಕೆ, ಅಂದ್ರೆ ಅಸಲಿ ಕಾರಣ ಸಿಗೋ ತನಕ ಯಾಕೆ ಯಾಕೆ ಅಂತ ಐದು ಸಲ ಕೇಳೋದು. ನಮ್ಮ ರಿಪೋರ್ಟುಗಳು ಸಾಮಾನ್ಯವಾಗಿ ಮೊದಲನೇ ಯಾಕೆಗೇ ನಿಂತ್ಬಿಡುತ್ವೆ: ಕಾರಣ, ಆಪರೇಟರ್ ಅಜಾಗರೂಕತೆ, ಪರಿಹಾರ, ಆಪರೇಟರಿಗೆ ಮತ್ತೆ ಟ್ರೇನಿಂಗ್ ಕೊಡಲಾಗಿದೆ. ಇದು ಹೋದಷ್ಟೇ ವೇಗವಾಗಿ ವಾಪಸ್ ಬರುತ್ತೆ. ಅವರಿಗೆ ಬೇಕಾದ್ದು ಹಿಂಗೆ. ಬೋಲ್ಟ್ ಲೂಸ್ ಇತ್ತು. ಯಾಕೆ? ಗನ್ನಿನ ಟಾರ್ಕ್ ಕಮ್ಮಿ ಬಂತು. ಯಾಕೆ? ಏರ್ ಪ್ರೆಶರ್ ಬಿದ್ದಿತ್ತು. ಯಾಕೆ? ಅದೇ ಪೈಪಿಂದ ಪಕ್ಕದ ಲೈನಿಗೂ ಕನೆಕ್ಷನ್ ಕೊಟ್ಟಿದ್ರು. ಯಾಕೆ? ಹೊಸ ಮಷಿನ್ ಬಂದಾಗ ಹತ್ರ ಇದ್ದ ಪೈಪಿಗೇ ಹಾಕ್ಕೊಂಡ್ರು. ಯಾಕೆ? ಮಷಿನ್ ಹಾಕೋವಾಗ ಏರ್ ಲೋಡ್ ಲೆಕ್ಕ ನೋಡ್ಬೇಕು ಅಂತ ನಮ್ಮ ಚೆಕ್‌ಶೀಟಲ್ಲಿ ಇಲ್ಲ. ಈಗ ನೋಡಿ, ಆಪರೇಟರ್ ಹೆಸರೇ ಬರಲಿಲ್ಲ. ಇಲ್ಲಿ ಕೂತು ಬರೆಯೋದಕ್ಕೂ ಆಗಲ್ಲ ಇದನ್ನ, ಜಾಗಕ್ಕೆ ಹೋಗಿ ಗೇಜ್ ನೋಡ್ಬೇಕು, ಪೈಪ್ ಹಿಡ್ಕೊಂಡು ಹೋಗ್ಬೇಕು. ಜಪಾನಿ ಮ್ಯಾನೇಜರ್ ನಿಮ್ಮ ಪಿಪಿಟಿ ನೋಡದೇ "ಬನ್ನಿ ಲೈನಿಗೆ ಹೋಗೋಣ" ಅಂದ್ರೆ ಅವಮಾನ ಅಂದ್ಕೊಳ್ಬೇಡಿ, ಸೇಫ್ಟಿ ಶೂ ಹಾಕ್ಕೊಂಡು ಹೊರಡಿ.

ಇದೆಲ್ಲ ಕೇಳಿ ಜಪಾನಿ ಕಂಪನಿ ಅಂದ್ರೆ ಸ್ವರ್ಗ ಅಂತ ತಿಳ್ಕೊಳ್ಳೋದೂ ಬೇಡ. ಪ್ರೊಸೆಸ್ ಬಗ್ಗೆ ಕಟ್ಟಕಡೆಯವನ ಮಾತೂ ಕೇಳ್ತಾರೆ, ಸರಿ, ಆದ್ರೆ ಲೈನ್ ಎಷ್ಟು ಸ್ಪೀಡಲ್ಲಿ ಓಡ್ಬೇಕು, ಒಬ್ಬನ ಮೇಲೆ ಎಷ್ಟು ಕೆಲಸ ಬೀಳ್ಬೇಕು ಅನ್ನೋದ್ರ ಬಗ್ಗೆ ಅಷ್ಟೇ ಧಾರಾಳವಾಗಿ ಕೇಳ್ತಾರಾ? ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ನಲ್ಲಿ 2006, 2014, 2020ರಲ್ಲಿ ಲಾಕೌಟ್ ಆಗಿದೆ, 2020ರಲ್ಲಿ ಕೆಲಸದ ಹೊರೆ ಜಾಸ್ತಿ ಅಂತ ಯೂನಿಯನ್ನು, ಶಿಸ್ತು ಮೀರಿದ್ರು ಅಂತ ಮ್ಯಾನೇಜ್ಮೆಂಟು. 2012ರಲ್ಲಿ ಜಪಾನಿನ ಸುಝುಕಿಗೆ ಸೇರಿದ ಮಾರುತಿಯ ಮಾನೇಸರ್ (ಹರಿಯಾಣ) ಪ್ಲಾಂಟಲ್ಲಿ ಗಲಾಟೆ ಆಗಿ ಒಬ್ಬ ಎಚ್‌ಆರ್ ಅಧಿಕಾರಿ ಪ್ರಾಣಾನೇ ಹೋಯ್ತು. ಜಪಾನಲ್ಲಿ ಯೂನಿಯನ್ ಸಾಮಾನ್ಯವಾಗಿ ಆಯಾ ಕಂಪನಿದೇ, ಪರ್ಮನೆಂಟ್ ನೌಕರ ಒಂದೇ ಕಡೆ ನಿವೃತ್ತಿ ತನಕ ಇರ್ತಾನೆ ಅನ್ನೋ ಲೆಕ್ಕದ ಮೇಲೆ ನಿಂತಿದ್ದು. ಇಲ್ಲಿ ಅರ್ಧಕ್ಕರ್ಧ ಜನ ಕಾಂಟ್ರ್ಯಾಕ್ಟಲ್ಲೋ ಟ್ರೇನಿ ಅಂತಲೋ ಇದ್ರೆ ಅದೇ ಲೆಕ್ಕ ಹೆಂಗೆ ನಡೆಯುತ್ತೆ? ನೀವು ಎಚ್‌ಆರ್ ಅಥವಾ ಪ್ರೊಡಕ್ಷನ್ ಕಡೆ ಇದ್ರೆ ಕೈಝೆನ್ ಶೀಟ್ (ಕೆಲಸ ಸುಧಾರಿಸೋಕೆ ನೌಕರರು ಬರ್ದು ಕೊಡೋ ಸಲಹೆ) ಎಷ್ಟು ಬಂತು ಅಂತ ಎಣಿಸೋದ್ರ ಜೊತೆಗೆ ಇದನ್ನೂ ಆ ಕಡೆಯವರಿಗೆ ಬಿಡಿಸಿ ಹೇಳ್ಬೇಕಾದವರು ನೀವೇ.

ನಾಲ್ಕನೇದು: ಕ್ಯಾಲೆಂಡರ್

ಇದು ಸಣ್ಣದು, ಆದ್ರೆ ದಿನಾ ಬೇಕಾಗೋದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ನಮ್ಮ ಮಧ್ಯಾಹ್ನ ಒಂದೂವರೆಗೆ ಅಲ್ಲಿ ಸಂಜೆ ಐದು, ಅವತ್ತೇ ಉತ್ತರ ಬೇಕಿದ್ರೆ ಊಟಕ್ಕೆ ಮುಂಚೆ ಕಳ್ಸಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಆಗಸ್ಟ್ ಮಧ್ಯ, ಹೊಸ ವರ್ಷದ ಹಿಂದೆ ಮುಂದೆ ಯಾರೂ ಸಿಗಲ್ಲ. ಜರ್ಮನಿಲಿ ವಾರಕ್ಕೆ ಐದು ದಿನ ಕೆಲಸ ಮಾಡೋರಿಗೆ ವರ್ಷಕ್ಕೆ 20 ದಿನ ರಜೆ ಕಾನೂನೇ ಕೊಡುತ್ತೆ, ತುಂಬ ಕಂಪನಿಗಳು 30ರ ಹತ್ರ ಕೊಡ್ತವೆ, ರಜೆಲಿರೋನಿಗೆ ಫೋನ್ ಮಾಡೋದು ಅಲ್ಲಿ ನಿಜಕ್ಕೂ ಅಸಭ್ಯ. ಸ್ವೀಡನ್ ಜುಲೈ ಪೂರ್ತಿ ಖಾಲಿ. ಅಮೆರಿಕನ್ನರು ಪಾಪ, ಅವರಿಗೆ ಸಂಬಳದ ರಜೆ ಕೊಡ್ಲೇಬೇಕು ಅಂತ ಕೇಂದ್ರದ ಕಾನೂನೇ ಇಲ್ಲ.

ನಮ್ಮದನ್ನೂ ಹೇಳ್ಬೇಕಲ್ಲ. ವರ್ಷದ ಶುರುಲೇ ಯುಗಾದಿ, ಗೌರಿ ಗಣೇಶ, ಆಯುಧಪೂಜೆ, ರಾಜ್ಯೋತ್ಸವ ಎಲ್ಲ ಹಾಕಿ ಒಂದು ಶೀಟ್ ಕಳ್ಸಿ, ಅದರ ಜೊತೆ ನಿಮ್ಮ ಪ್ಲಾಂಟ್ ಸುತ್ತಲ ಹಳ್ಳಿಗಳ ಜಾತ್ರೆ ತಾರೀಖೂ ಸೇರಿಸಿ. ಅವತ್ತು ಅಟೆಂಡೆನ್ಸ್ ಬೀಳೋದು ಎಲ್ಲ ಸೂಪರ್ವೈಸರಿಗೂ ಗೊತ್ತು, ಪ್ಲಾನಲ್ಲಿ ಮಾತ್ರ ಯಾರೂ ಬರೆಯಲ್ಲ, ಆಮೇಲೆ ಇಂಡಿಯನ್ಸ್ ಹೇಳ್ದೇ ಕೇಳ್ದೇ ರಜೆ ಹಾಕ್ತಾರೆ ಅನ್ನೋ ಮಾತು ಕೇಳ್ಬೇಕು.

ಐದನೇದು: ಎಲ್ಲಾದಕ್ಕೂ ಪಾಸ್‌ಪೋರ್ಟ್ ಕಾರಣ ಅನ್ಬೇಡಿ

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ ಜನರಲ್ ಮೋಟರ್ಸ್‌ದು ಒಂದು ಪ್ಲಾಂಟ್ ಇತ್ತು, ಗೈರುಹಾಜರಿ, ಕುಡಿತ, ಮುಷ್ಕರ ಎಲ್ಲದಕ್ಕೂ ಹೆಸರುವಾಸಿ, 1982ರಲ್ಲಿ ಮುಚ್ಚಿದ್ರು. 1984ರಲ್ಲಿ ಟೊಯೋಟಾ ಜೊತೆ ಸೇರಿ ನುಮ್ಮಿ ಅಂತ ಮತ್ತೆ ತೆರೆದ್ರು, ಬಹುಪಾಲು ಅದೇ ಹಳೇ ಕೆಲಸಗಾರರು, ಅದೇ ಯೂನಿಯನ್ನು. ಕೆಲವರನ್ನ ಜಪಾನಿಗೆ ಕಳಿಸಿ ಟ್ರೇನಿಂಗ್ ಕೊಟ್ರು, ಲೈನ್ ನಿಲ್ಲಿಸೋ ಹಗ್ಗ ಅವರ ಕೈಗೇ ಕೊಟ್ರು. ಸ್ವಲ್ಪ ದಿನದಲ್ಲೇ ಜಪಾನ್ ಪ್ಲಾಂಟಿನ ಹತ್ರ ಹತ್ರ ಕ್ವಾಲಿಟಿ ಬಂತು. ಅಮೆರಿಕನ್ನರು ಸೋಮಾರಿಗಳು ಅಂತಿದ್ದವರೆಲ್ಲ ಬಾಯಿ ಮುಚ್ಕೊಂಡ್ರು. ನಮ್ಮಲ್ಲೂ ಚೆನ್ನೈ ಕಡೆಯ ಸುಂದರಂ ಕ್ಲೇಟನ್ 1998ರಲ್ಲೇ ಕ್ವಾಲಿಟಿಗೆ ಕೊಡೋ ಜಪಾನಿನ ಡೆಮಿಂಗ್ ಪ್ರಶಸ್ತಿ ತಗೊಂಡಿದೆ, 2002ರಲ್ಲಿ ಟಿವಿಎಸ್ ಮೋಟರ್. ಇನ್ನೊಂದು ಕಡೆ ಜರ್ಮನಿಯ ಡೈಮ್ಲರ್ ಮತ್ತು ಅಮೆರಿಕದ ಕ್ರೈಸ್ಲರ್, 1998ರಲ್ಲಿ ಸಮಾನರ ಮದುವೆ ಅಂತ ಸಾರಿ 2007ರಲ್ಲಿ ಡೈವೋರ್ಸ್, ಇಬ್ಬರೂ ಪಾಶ್ಚಾತ್ಯರೇ, ಇಬ್ಬರೂ ಕಾರ್ ಮಾಡೋರೇ.

ಹಂಗಾಗಿ ಏನಾದ್ರೂ ವಿಚಿತ್ರ ಅನ್ಸಿದ್ರೆ, ಇದು ಆ ದೇಶದ ರೀತಿನಾ, ಈ ಕಂಪನಿಯ ರೂಲಾ, ಇಲ್ಲಾ ಈ ಒಬ್ಬ ಮನುಷ್ಯನ ಗುಣಾನಾ ಅಂತ ಬೇರೆ ಬೇರೆ ಮಾಡಿ ನೋಡಿ. ಅದೇ ದೇಶದ ಇನ್ನೊಂದು ಕಂಪನಿಲಿರೋ ಸ್ನೇಹಿತನ್ನ ಕೇಳಿದ್ರೆ ಅರ್ಧ ಬಗೆಹರಿಯುತ್ತೆ. ಎಲ್ಲರ ಮೇಲೂ ಕಿರುಚೋ ಮ್ಯಾನೇಜರ್ ಜಪಾನಿನವನಾದ್ರೂ ಕಿರುಚುಬಡುಕನೇ, ಅದಕ್ಕೆ ಸಂಸ್ಕೃತಿ ಅಂತ ಹೆಸರು ಕೊಟ್ಟು ಸಹಿಸ್ಕೊಳ್ಬೇಡಿ, ಎಚ್‌ಆರ್‌ಗೆ ಬರೀರಿ.

ಕೊನೇದಾಗಿ: ಬಾಸ್ ಬದಲಾದಾಗ

ವಿದೇಶದಿಂದ ಬಂದ ಮ್ಯಾನೇಜರುಗಳು ಮೂರ್ನಾಲ್ಕು ವರ್ಷಕ್ಕೆ ವಾಪಸ್ ಹೋಗ್ತಾರೆ, ಜಪಾನಿ ಕಂಪನಿಲಿ ಇದು ಬಹಳ ಸಲ ಏಪ್ರಿಲ್ ಸುತ್ತಮುತ್ತ. ನೀವು ಕಷ್ಟಪಟ್ಟು ಕಟ್ಟಿದ ನಂಬಿಕೆ ಎಲ್ಲ ಆ ಫ್ಲೈಟಲ್ಲಿ ಹೊರಟು ಹೋಗುತ್ತೆ, ಹೊಸಬರು ಬಂದು ಮೊದಲಿಂದ ಎಲ್ಲಾ ಪ್ರಶ್ನೆ ಕೇಳ್ತಾರೆ. ಅದಕ್ಕೆ ಹಳಬರು ಹೊರಡೋ ಸುದ್ದಿ ಬಂದ ಕೂಡ್ಲೇ ಬಾಯಿಮಾತಲ್ಲಿ ಒಪ್ಪಿದ್ದನ್ನೆಲ್ಲ, ನಿಮ್ಮ ಪ್ರಮೋಷನ್ ಮಾತು, ಜಪಾನ್ ಟ್ರೇನಿಂಗ್ ಮಾತು, ಅರ್ಧಕ್ಕೆ ನಿಂತ ಪ್ರಪೋಸಲ್, ಎಲ್ಲಾ ಒಂದು ಹಾಳೆಗೆ ಇಳಿಸಿ ಅವರ ಕೈಲೇ ಹೊಸಬರಿಗೆ ಮೇಲ್ ಹಾಕಿಸಿ, ಸಿಸಿಲಿ ನೀವು ಮತ್ತೆ ಲೋಕಲ್ ಎಚ್‌ಆರ್ ಇಬ್ಬರೂ ಇರಲಿ. ಫೇರ್‌ವೆಲ್ ಪಾರ್ಟಿಗೆ ಮುಂಚೆ ಮಾಡಿಸ್ಕೊಳ್ಳಿ, ಆಮೇಲೆ ಅವರಿಗೆ ಪ್ಯಾಕಿಂಗ್ ಇರುತ್ತೆ.